ಹೆದರದೇ ಇದ್ದ ಒಂದು ದಿನ

ಸೆಪ್ಟೆಂಬರ್ 8, ಸೋಮವಾರ

ಆಸ್ಟಿನ್ನಿನ ಮುಖ್ಯ ಕಚೇರಿಯಿಂದ ಇಂದು ಅಪ್ಪಣೆಯಾಯಿತು. ಇಷ್ಟು ದಿನ ಹ್ಯೂಸ್ಟನ್ನಿನಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ಹಳ್ಳಿಗಳಿಗೆ ಒಯ್ಯಬೇಕಂತೆ. ಕೈಕಾಲು ಆಡದವರಿಗೆ, ಮಾತು ನಿಂತವರಿಗೆ, ಕಣ್ಣು ಕಾಣದವರಿಗೆ ಬೇಕಾದ ಯಂತ್ರಗಳನ್ನು ನಮ್ಮ ಸಂಸ್ಥೆ ಎರವಲು ಕೊಟ್ಟು, ಬಳಸುವುದನ್ನು ಕಲಿಸುತ್ತದೆ. ಪಟ್ಟಣದವರು ಹೇಗೋ ನಮ್ಮಲ್ಲಿಗೆ ಬರುತ್ತಾರೆ. ಹಳ್ಳಿಯವರು ಬರಲಾರರು. ಆದ್ದರಿಂದ ಯಂತ್ರವೇ ಅವರ ಮನೆಗೆ ಹೋಗಬೇಕು, ಯಂತ್ರದ ಜೊತೆಗೆ ನಾನು ಹೋಗಬೇಕು. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಂಗೈ ಬೆವೆತಿತ್ತು.

ನನಗೆ ಏನೇನು ಹೆದರಿಕೆ ಎಂದು ಇಲ್ಲಾದರೂ ಬರೆದುಕೊಳ್ಳುತ್ತೇನೆ, ಯಾರು ಓದಬೇಕಾಗಿದೆ. ಐ-ಟೆನ್ ಹೆದ್ದಾರಿ ಮತ್ತು ಅದರ ಮೇಲೆ ಮೈಮೇಲೆ ಬರುವ ಟ್ರಕ್ಕುಗಳು. ನಾಯಿ, ಯಾವ ಜಾತಿಯದಾದರೂ ಸರಿ. ಒಳಗೆ ಕಾಲಿಟ್ಟರೆ ಗುಂಡು ಹಾರಿಸುತ್ತೇವೆ ಎಂದು ಬೋರ್ಡು ನೇತುಹಾಕಿದ ಗೇಟು. ಫೋನು ಹಿಡಿಯದ ಜಾಗ. ಹ್ಯೂಸ್ಟನ್ ಪಕ್ಕದ ಈ ಕೇಟಿ ಊರಿಗೆ ಬಂದು ಇಷ್ಟು ವರ್ಷವಾದರೂ ನಾನು ಹೆದ್ದಾರಿ ಹತ್ತದೆ ಪಕ್ಕದ ಫೀಡರ್ ರಸ್ತೆಯಲ್ಲೇ ಸಾಗುವವಳು. ನಮ್ಮವರು ನಗುತ್ತಾರೆ, ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರಿನ ತಮ್ಮ ಆಫೀಸಿಗೆ ನಾನು ಬುತ್ತಿ ಒಯ್ಯುವುದಾದರೆ ಎತ್ತಿನ ಗಾಡಿಯೇ ಮೊದಲು ಮುಟ್ಟುತ್ತದಂತೆ.

ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅತ್ತೆಗೆ ಖುಷಿಯಾಯಿತು, ಸೊಸೆಗೆ ಬಡ್ತಿ ಸಿಕ್ಕಿತು ಎಂದು ತಿಳಿದರು. ನಾನು ಮಲಗುವ ಮೊದಲು ಎರಡು ಸಲ ಎದ್ದು ಗ್ಯಾಸ್ ಒಲೆ ನೋಡಿ ಬಂದೆ. ಮಗಳು ನಿಹಾರಿಕಾ ತನ್ನ ಕೋಣೆಯಿಂದಲೇ "ಮಾಮ್, ಅಗೇನ್?" ಎಂದಳು.

ಸೆಪ್ಟೆಂಬರ್ 11, ಗುರುವಾರ

ಮೊದಲ ಹಳ್ಳಿ ಮುಗಿಯಿತು, ಜೀವಸಹಿತ ಬಂದಿದ್ದೇನೆ.

ಸೀಲಿ ಎಂಬ ಊರು ದಾಟಿ ಎಡಕ್ಕೆ ತಿರುಗಿ ಈಗಲ್ ಲೇಕ್ ಕಡೆಗೆ ಹೋದರೆ ಎರಡೂ ಬದಿಗೆ ಭತ್ತದ ಗದ್ದೆ. ಟೆಕ್ಸಾಸಿನಲ್ಲಿದ್ದೇನೋ ಗಂಗಾವತಿಯಲ್ಲಿದ್ದೇನೋ ಎಂದು ಒಂದು ಕ್ಷಣ ಹಾಯೆನಿಸಿತು. ಅಷ್ಟರಲ್ಲಿ ದಾರಿ ತೋರಿಸುತ್ತಿದ್ದ ಫೋನು ಕೈಚೆಲ್ಲಿತು. ಮನೆ ಸಿಕ್ಕಾಗ ಗೇಟಿಗೆ ನಾನು ಅಂದುಕೊಂಡಿದ್ದ ಬೋರ್ಡೇ ಇತ್ತು, ಬೋರ್ಡಿನ ಕೆಳಗೆ ಕರುವಿನಷ್ಟು ದೊಡ್ಡ ನಾಯಿ. ಹೆದರುವವರ ಮೇಲೆ ಹಾವು ಎಸೆದರು ಎನ್ನುವುದು ಇದಕ್ಕೇ. ಕಾರಿನ ಗಾಜು ಏರಿಸಿಕೊಂಡು ಹಾರ್ನ್ ಒತ್ತುತ್ತಾ ಕೂತೆ. ಕೊನೆಗೆ ಡೆಲ್ ಎಂಬ ಆ ಮನೆಯ ಯಜಮಾನ ಬಂದು ನಾಯಿಯ ಕುತ್ತಿಗೆ ಹಿಡಿದುಕೊಂಡ. ಸೋಲಾರ್ ಮಾರುವವಳು ಎಂದುಕೊಂಡು ಬೇಕೆಂದೇ ತಡಮಾಡಿದನಂತೆ.

ಅವನ ಹೆಂಡತಿ ಲೊರೇನ್. ವಯಸ್ಸು ಅರವತ್ತರ ಆಸುಪಾಸು. ಬದುಕಿಡೀ ಆ ಕೌಂಟಿಯ ಶಾಲಾ ಬಸ್ಸು ಓಡಿಸಿದವಳು. ಎ.ಎಲ್.ಎಸ್. ಎಂಬ ನರರೋಗ ಬಂದು ಮೊದಲು ಕೈ, ಆಮೇಲೆ ಕಾಲು, ಕಡೆಗೆ ನಾಲಿಗೆಯನ್ನೂ ಕಿತ್ತುಕೊಂಡಿದೆ. ಈಗ ಅವಳ ಸ್ವಾಧೀನದಲ್ಲಿರುವುದು ಕಣ್ಣು ಮಾತ್ರ. ಉಸಿರಾಟಕ್ಕೆ ಮೂಗಿನ ಮೇಲೊಂದು ಮಾಸ್ಕು, ಅದಕ್ಕೊಂದು ಯಂತ್ರ. ಮಾಸ್ಕು ಜಾರಿದರೆ ಸರಿಮಾಡಿಕೊಳ್ಳಲೂ ಅವಳಿಂದಾಗದು, ಕೂಗಲೂ ಆಗದು.

ನಾನು ಒಯ್ದದ್ದು ಕಣ್ಣಿನಿಂದ ಮಾತಾಡುವ ಯಂತ್ರ. ತೆರೆಯ ಮೇಲೆ ಅಕ್ಷರಗಳಿರುತ್ತವೆ. ಯಾವುದನ್ನು ದಿಟ್ಟಿಸುತ್ತಾಳೋ ಅದನ್ನು ಯಂತ್ರ ಹಿಡಿದುಕೊಂಡು, ಮಾತು ಪೂರ್ತಿಯಾದಾಗ ಗಟ್ಟಿಯಾಗಿ ಓದುತ್ತದೆ. ಫೋನಿಗೆ ಸಂದೇಶವನ್ನೂ ಕಳಿಸುತ್ತದೆ. ಮಂಚಕ್ಕೆ ಅದನ್ನು ಬಿಗಿದು, ಅವಳ ಕಣ್ಣಿಗೆ ಹೊಂದಿಸಿ, ನಾಲ್ಕು ಸಲ ತಿರುಪು ನೋಡಿದೆ. ಅವಳು ತುಂಬಾ ಹೊತ್ತು ಕಷ್ಟಪಟ್ಟು ಮೊದಲ ಮಾತು ಬರೆದಳು. ಯಂತ್ರ ಓದಿತು:

"ನಾಯಿ ಕಚ್ಚಲ್ಲ. ಡೆಲ್ ಕಚ್ಚಬಹುದು."

ಡೆಲ್ ಆಚೆ ತಿರುಗಿ ನಿಂತ. ಹೆಂಡತಿಯ ಮಾತು ಕೇಳಿ ಎಷ್ಟು ಕಾಲವಾಗಿತ್ತೋ ಏನೋ. ಬರುವಾಗ ನಾಯಿಯನ್ನು ಕಟ್ಟಿಹಾಕುವವರೆಗೆ ನಾನು ಬಾಗಿಲು ಬಿಟ್ಟು ಹೊರಗೆ ಬರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಲೊರೇನ್ ಬಹಳ ಬೇಗ ಕಲಿಯುತ್ತಿದ್ದಾಳೆ. ನನ್ನನ್ನು ಚುಡಾಯಿಸುವುದನ್ನು ಅದಕ್ಕಿಂತ ಬೇಗ ಕಲಿತಿದ್ದಾಳೆ. ನಾನು ವೈರುಗಳನ್ನು ಒತ್ತಿ ಒತ್ತಿ ನೋಡುವುದನ್ನು, ಹೊರಟವಳು ಮತ್ತೆ ಒಳಗೆ ಬಂದು ತಿರುಪು ಬಿಗಿಯುವುದನ್ನು ನೋಡಿ, ನಿನಗೆ ಮನೆಯಲ್ಲೂ ಹೀಗೆಯೋ ಎಂದು ಕೇಳಿದಳು. ಒಲೆಯ ಕಥೆ ಹೇಳಿದೆ. ಅವಳ ಮುಖ ನಗಲಾರದು, ಕಣ್ಣಿನಲ್ಲೇ ನಕ್ಕಳು.

ಆದರೆ ಇಂದು ಒಂದು ಕೆಟ್ಟ ಸುದ್ದಿ ಕೇಳಿದೆ. ಡಾಲಸ್ಸಿನಲ್ಲಿ ಅವಳ ತಂಗಿ ಇದ್ದಾಳೆ, ಶೆರಿಲ್. ಅಕ್ಕನನ್ನು ಡಾಲಸ್ಸಿನಲ್ಲಿ, ಇಂಥವರನ್ನು ಕಡೆಯವರೆಗೂ ಇಟ್ಟುಕೊಂಡು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿಗೆ ಸೇರಿಸಬೇಕೆಂದು ಅವಳ ಹಟ. ಅವಳನ್ನೂ ತಪ್ಪು ಎನ್ನಲಾರೆ. ಬೇಸಿಗೆಯಲ್ಲಿ ಬಿರುಗಾಳಿಗೆ ಆ ಕಡೆ ಕರೆಂಟು ಹೋಗಿ ಬರಲು ದಿನಗಳೇ ಹಿಡಿದವಂತೆ. ಡೆಲ್ ಹಗಲು ಭತ್ತ ಒಣಗಿಸುವ ಮಿಲ್ಲಿನಲ್ಲಿರುತ್ತಾನೆ, ಸಹಾಯದ ಹೆಂಗಸು ಮಧ್ಯಾಹ್ನವೇ ಹೋಗುತ್ತಾಳೆ. ಕೂಗಲಾರದ ಮನುಷ್ಯಳನ್ನು ಆ ಬಯಲಲ್ಲಿ ಒಬ್ಬಳೇ ಬಿಡುವುದೆಂತು ಎನ್ನುತ್ತಾಳೆ ಶೆರಿಲ್. ನಾನು ತಂಗಿಯಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಲೊರೇನ್ ಹೇಳಿದ್ದು ಬೇರೆ. "ಇಲ್ಲಿ ಕಿಟಕಿ ಆಚೆ ಹೋಗೋ ಪ್ರತಿಯೊಬ್ಬನೂ ನನ್ನ ಬಸ್ಸಲ್ಲಿ ಬೆಳೆದವನು. ಅಲ್ಲಿ ನಾನು ಬರೀ ಒಂದು ಮಂಚ."

ಕೊನೆಗೆ ಅಕ್ಕತಂಗಿಯರ ನಡುವೆ ಒಪ್ಪಂದವಾಗಿದೆ. ಮಾತಿನ ಯಂತ್ರವನ್ನೂ ಇಂಟರ್ನೆಟ್ಟನ್ನೂ ಕರೆಂಟಿಲ್ಲದೆ ನಡೆಸುವ ದೊಡ್ಡ ಬ್ಯಾಟರಿಯನ್ನು ನಮ್ಮ ಸಂಸ್ಥೆ ಕೊಡಬೇಕು. ಉಸಿರಿನ ಯಂತ್ರಕ್ಕೆ ತನ್ನದೇ ಬ್ಯಾಟರಿ ಇದೆ, ಮಾತಿಗೆ ಇಲ್ಲ. ಮಾತಿಗೂ ಸಿಕ್ಕಿ, ಅದು ಕೈಕೊಡದೆ ನಡೆದರೆ ಲೊರೇನ್ ಮನೆಯಲ್ಲಿರಬಹುದು. ಒಂದು ಸಲ ಕೈಕೊಟ್ಟರೂ ಡಾಲಸ್.

ಅಂದರೆ ಎಲ್ಲ ಬಂದು ನನ್ನ ತಲೆಯ ಮೇಲೆ ನಿಂತಿತು.

ಸೆಪ್ಟೆಂಬರ್ 26, ಶುಕ್ರವಾರ

ಬ್ಯಾಟರಿ ಇನ್ನೂ ಬಂದಿಲ್ಲ. ಕನಸಿನಲ್ಲಿ ಲೊರೇನ್ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು, ಯಂತ್ರ ಏನೂ ಓದುತ್ತಿರಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಬಂತು. ಅಕ್ಕಿ ಚೀಲದಷ್ಟು ಭಾರ. ಹಳ್ಳಿಯ ಕೆಲಸ ಹೆಚ್ಚಾದ ಮೇಲೆ ಹ್ಯೂಸ್ಟನ್ನಿನ ಗೋದಾಮು ಸಾಲದೆ ಎರವಲು ಯಂತ್ರಗಳೆಲ್ಲ ನಮ್ಮ ಗರಾಜಿನಲ್ಲೇ ಕೂತಿವೆ, ಕಾರು ಬೀದಿಯಲ್ಲಿ. ಬ್ಯಾಟರಿ ಖಾಲಿಯಾಗಿಯೇ ಬರುತ್ತದೆ, ಮೊದಲ ಹತ್ತು ತಾಸು ಹನಿಹನಿಯಾಗಿ ಹೀರುತ್ತದೆ, ಪೂರ್ತಿ ತುಂಬಲು ಒಂದು ಹಗಲು ಒಂದು ಇರುಳು ಬೇಕು. ಊಟವಾದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ ಬಂದಿದ್ದೇನೆ. ಒಯ್ಯುವುದು ಶುಕ್ರವಾರ. ಬೇಕಾದಷ್ಟು ಹೊತ್ತಿದೆ.

ಅಕ್ಟೋಬರ್ 1, ಬುಧವಾರ

ಖಂಡೇ ಪೂಜೆ, ಆಯುಧಪೂಜೆಯ ದಿನ. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಹೇಳಿ ಬೆಳಿಗ್ಗೆಯೇ ತಲೆಸ್ನಾನ ಮಾಡಿದೆ.

ಹಾವೇರಿಯಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿ ಇತ್ತು. ಈ ದಿನ ಅಪ್ಪ ಮೇನ್ ಸ್ವಿಚ್ಚು ಇಳಿಸಿ, ಬೆಲ್ಟು ಬಿಚ್ಚಿ, ಬೀಸುವ ಕಲ್ಲಿಗೆ ವಿಭೂತಿ ಬಳಿದು ಚೆಂಡುಹೂವಿನ ಸರ ಹಾಕುತ್ತಿದ್ದ. ಮರುದಿನ ಬನ್ನಿ ಹಂಚುವವರೆಗೆ ಯಂತ್ರವನ್ನು ಯಾರೂ ಮುಟ್ಟಬಾರದು. ವರ್ಷವಿಡೀ ಗಡಗಡ ಎನ್ನುವ ಗಿರಣಿ ಆ ಒಂದು ದಿನ ಮೌನವಾಗಿರುತ್ತಿತ್ತು, ನಾವು ಹುಡುಗರು ಪಿಸುಮಾತಿನಲ್ಲಿ ಆಡುತ್ತಿದ್ದೆವು.

ಅತ್ತೆಯನ್ನು ಕರೆದುಕೊಂಡು ಗರಾಜಿಗೆ ಹೋದೆ. ಗಾಲಿಕುರ್ಚಿ, ಓದಿ ಹೇಳುವ ಕನ್ನಡಕ, ಮಾತಿನ ಯಂತ್ರಗಳು, ಬ್ಯಾಟರಿ, ಎಲ್ಲವನ್ನೂ ಸಾಲಾಗಿ ನಿಲ್ಲಿಸಿದ್ದೆ. ಅತ್ತೆ ಶಿವಬಸವ್ವನವರು ಒಂದೊಂದಕ್ಕೂ ಮೂರು ಬೆರಳು ವಿಭೂತಿ ಎಳೆದು ಹೂವಿಟ್ಟರು. "ಕುಂಟರಿಗೆ ಕಾಲು, ಮೂಕರಿಗೆ ಬಾಯಿ ಆಗಿ ದುಡೀತಾವವ್ವಾ ಇವು. ಒಂದಿನ ಆರಾಮ ಇರಲಿ," ಎಂದರು. ನನಗೆ ಕಣ್ಣು ತುಂಬಿತು. ಬಾಗಿ ಬೋರ್ಡಿನ ಸ್ವಿಚ್ಚನ್ನು ನಾನೇ ಆರಿಸಿದೆ. ನಾಳೆ ಬನ್ನಿ ಆದ ಮೇಲೆ ಹಾಕಿದರಾಯಿತು, ಶುಕ್ರವಾರಕ್ಕೆ ತುಂಬಿರುತ್ತದೆ.

ಕರ್ಪೂರ ಬೆಳಗುವಾಗ ಲೊರೇನಳ ಹೆಸರು ಹೇಳಿ ಬೇಡಿಕೊಂಡೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಂದು ಒಲೆ ನೋಡಲು ಏಳಲಿಲ್ಲ.

ಅಕ್ಟೋಬರ್ 2, ಗುರುವಾರ, ಬೆಳಿಗ್ಗೆ

ನಾಳೆ ಬರುತ್ತದೆ ಎಂದಿದ್ದ ಮಳೆಗಾಳಿ ಇಂದು ಮಧ್ಯಾಹ್ನವೇ ಬರುತ್ತದೆ ಎಂದು ಫೋನು ಒದರುತ್ತಿದೆ. ಬ್ಯಾಟರಿಯನ್ನು ಈಗಲೇ ಮುಟ್ಟಿಸಿ ಬರುತ್ತೇನೆ. ವಿಭೂತಿ ಹೂವು ಹಾಗೇ ಇವೆ, ಒರೆಸಲು ಮನಸ್ಸಾಗಲಿಲ್ಲ. ನಮ್ಮವರು ಜೊತೆಗೆ ಬರಲೇ ಎಂದರು, ಬೇಡ ಎಂದೆ. ಏನು ವಿಚಿತ್ರವೋ, ಇವತ್ತು ಹೆದರಿಕೆಯೇ ಆಗುತ್ತಿಲ್ಲ.

ಅಕ್ಟೋಬರ್ 2, ಮಧ್ಯಾಹ್ನ

ಸ್ವಿಚ್ಚು ಆಫ್ ಇದೆ. ನಾನೇ ಆರಿಸಿದ್ದು. ಹಾಕಲೇ ಇಲ್ಲ. ಡೆಲ್ ಫೋನು ಎತ್ತುತ್ತಿಲ್ಲ. ಲೊರೇನ್ ಸಂದೇಶಕ್ಕೆ ಉತ್ತರವಿಲ್ಲ. ಶಿವನೇ, ಏನು ಮಾಡಿದೆ ನಾನು. ಹೋಗುತ್ತಿದ್ದೇನೆ.

ಅಕ್ಟೋಬರ್ 3, ಶುಕ್ರವಾರ

ಬರೆಯದೆ ಕೂರಲಾಗುತ್ತಿಲ್ಲ.

ನಿನ್ನೆ ಬೆಳಿಗ್ಗೆ ಬ್ಯಾಟರಿ ಒಯ್ದು ಲೊರೇನಳ ಮಂಚದ ಪಕ್ಕಕ್ಕಿಟ್ಟೆ. ಹಳೆಯ ಮನೆ, ಮಂಚದ ಹತ್ತಿರ ಇದ್ದ ಒಂದೇ ಪ್ಲಗ್ಗು ಉಸಿರಿನ ಯಂತ್ರಕ್ಕೇ ಬೇಕು. ಇಷ್ಟು ದಿನ ಮಾತಿನ ಯಂತ್ರಕ್ಕೆ ಹಜಾರದಿಂದ ಎಳೆದಿದ್ದ ತೆಳು ವೈರು ಬ್ಯಾಟರಿಯ ಭಾರ ತಡೆಯದು. ಇರಲಿ, ಬ್ಯಾಟರಿ ತುಂಬಿದೆಯಲ್ಲ ಎಂದು ಮಾತಿನ ಯಂತ್ರವನ್ನೂ ಇಂಟರ್ನೆಟ್ ಡಬ್ಬಿಯನ್ನೂ ಅದಕ್ಕೆ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಅದು ಚಾಲೂ ಇದೆ ಎಂಬುದಕ್ಕಷ್ಟೇ ಗುರುತು. ಎಷ್ಟು ತುಂಬಿದೆ ಎಂದು ತೋರಿಸುವ ಗುಂಡಿ ಬೇರೆ ಇದೆ, ಅದರ ಮೇಲೆ ಅತ್ತೆ ಇಟ್ಟ ಹೂವಿತ್ತು. ನಾನು ಒತ್ತಲಿಲ್ಲ. ಬಾಗಿಲು ಹಾಕಿದ ಮೇಲೂ ಹಿಡಿಕೆ ಜಗ್ಗಿ ನೋಡುವ ನಾನು, ಒತ್ತಲಿಲ್ಲ. ಪೂಜೆಯಾಗಿದೆ, ದೇವರಿದ್ದಾನೆ ಎಂದು ಧೈರ್ಯವಾಗಿ ಎದ್ದು ಬಂದೆ. ಲೊರೇನ್ ನನ್ನನ್ನೇ ನೋಡುತ್ತಿದ್ದಳು, ಏನೋ ಬರೆಯಲು ಶುರುಮಾಡಿದ್ದಳು. ಮಳೆಗೆ ಮೊದಲು ಮನೆ ಸೇರಬೇಕೆಂಬ ಅವಸರದಲ್ಲಿ ಆಮೇಲೆ ಓದುತ್ತೇನೆ ಎಂದುಬಿಟ್ಟೆ.

ಮನೆಗೆ ಬಂದು ಉಂಡು ಕೂತರೂ ಮನಸ್ಸು ನಿಲ್ಲಲಿಲ್ಲ. ಏನೋ ಬಿಟ್ಟುಬಂದ ಹಾಗೆ. ಒಲೆ ನೋಡಿದೆ, ಹಿತ್ತಲ ಬಾಗಿಲು ನೋಡಿದೆ, ಕೊನೆಗೆ ಗರಾಜಿಗೆ ಹೋದೆ. ಬೋರ್ಡಿನ ಕೆಂಪು ದೀಪ ಆರಿತ್ತು. ಮಂಗಳವಾರ ರಾತ್ರಿ ನಾಲ್ಕು ಗುಟುಕು ಕರೆಂಟು ಕುಡಿದದ್ದು ಬಿಟ್ಟರೆ ಆ ಬ್ಯಾಟರಿಯಲ್ಲಿ ಏನೂ ಇರಲಿಲ್ಲ.

ಆ ಕೌಂಟಿಯ ಪೊಲೀಸರಿಗೆ, ಅಂದರೆ ಶೆರಿಫ್ ಕಚೇರಿಗೆ, ಫೋನು ಮಾಡಿದೆ. ರಸ್ತೆಗಳ ಮೇಲೆ ಮರ ಬಿದ್ದಿವೆ, ಕರೆಂಟು ಎಲ್ಲ ಕಡೆ ಹೋಗಿದೆ, ಸಾಧ್ಯವಾದಾಗ ಕಳಿಸುತ್ತೇವೆ ಎಂದಳು ಫೋನೆತ್ತಿದಾಕೆ, ಪಾಪ, ಅವಳ ದನಿಯೇ ಸೋತಿತ್ತು. ಕಾರು ತೆಗೆದೆ. ಐ-ಟೆನ್ ಮೇಲೆ ಮಳೆಗೆ ಮುಂದಿನ ಗಾಡಿಯ ಹಿಂದೀಪ ಮಾತ್ರ ಕಾಣುತ್ತಿತ್ತು. ಸೀಲಿ ಬಿಟ್ಟ ಮೇಲೆ ಒಂದು ಕಡೆ ನೀರು ರಸ್ತೆ ಹಾಯುತ್ತಿತ್ತು, ಹಿಂದೆ ತಿರುಗಿ ಸುತ್ತು ಹಾಕಿ ಹೋದೆ. ದಾರಿಯುದ್ದಕ್ಕೂ ಮಾಸ್ಕು ಜಾರದಿರಲಿ, ಮಾಸ್ಕು ಜಾರದಿರಲಿ ಎನ್ನುತ್ತಿದ್ದೆ. ಬೇರೇನೂ ತಲೆಯಲ್ಲಿರಲಿಲ್ಲ.

ಗೇಟಿಗೆ ಬೀಗ. ಹತ್ತಿ ಇಳಿದೆ, ಸೀರೆಯಲ್ಲಿರಲಿಲ್ಲ ಪುಣ್ಯ. ನಾಯಿ ಅಡ್ಡ ಬಂತು, ಸರಿ ಅತ್ತ ಎಂದು ಮಂಡಿಯಿಂದ ತಳ್ಳಿದೆ. ಹಿಂದಿನ ಬಾಗಿಲು ತೆರೆದೇ ಇತ್ತು.

ಮಾಸ್ಕು ಜಾರಿತ್ತು. ಪೂರ್ತಿಯಲ್ಲ, ಒಂದು ಬದಿಗೆ. ಗಾಳಿ ಅವಳ ಕೆನ್ನೆಯ ಮೇಲೆ ಸುಯ್ಯೆಂದು ಪೋಲಾಗುತ್ತಿತ್ತು. ತುಟಿ ಕಪ್ಪಿಟ್ಟಿತ್ತು. ಕಣ್ಣು ಬಾಗಿಲ ಕಡೆಗೇ ಇತ್ತು. ಮಾತಿನ ಯಂತ್ರದ ತೆರೆ ಕಪ್ಪಗಿತ್ತು. ಮಾಸ್ಕು ಸರಿಮಾಡಿ, ಪಟ್ಟಿ ಬಿಗಿದು, ಅವಳ ಎದೆ ಏರಿಳಿಯುವುದನ್ನು ನೋಡುತ್ತಾ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ತುಟಿಗೆ ಬಣ್ಣ ಬರತೊಡಗಿದಾಗ ನೆಲದ ಮೇಲೆ ಕೂತೆ.

ಕರೆಂಟಿಲ್ಲದಾಗಿನ ಹಳೆಯ ಉಪಾಯವೆಂದರೆ ಅಕ್ಷರ ಬರೆದ ಪಾರದರ್ಶಕ ಹಲಗೆ. ಇಬ್ಬರ ನಡುವೆ ಹಿಡಿದರೆ ಅವಳು ಯಾವ ಅಕ್ಷರ ನೋಡುತ್ತಿದ್ದಾಳೆಂದು ಆಚೆಯಿಂದ ಗೊತ್ತಾಗುತ್ತದೆ. ಕಾರಿನಿಂದ ತಂದು ಹಿಡಿದೆ. ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಒಂದೊಂದೇ ಅಕ್ಷರ ಕೂಡಿಸಿ ಅವಳು ಹೇಳಿದ್ದು ಇಷ್ಟು: "ಮೂಗು ಕೆರಿ."

ಕೆರೆದೆ. ಅಳುತ್ತಾ ಕೆರೆದೆ. ಉಸಿರಿನ ಯಂತ್ರದ ಬ್ಯಾಟರಿ ಇನ್ನೂ ಇತ್ತು. ಪಕ್ಕದಲ್ಲೇ ಕೂತು ಕಾದೆ. ಸಂಜೆ ಹೊತ್ತಿಗೆ ಕೆಸರಿನಲ್ಲಿ ಮಿಂದ ಹಾಗೆ ಡೆಲ್ ಬಂದ, ಮರ ಕಡಿದು ದಾರಿ ಮಾಡಿಕೊಂಡು ಬಂದಿದ್ದ. ನನ್ನ ಕೈ ಹಿಡಿದು ದೇವರೇ ನಿನ್ನನ್ನು ಕಳಿಸಿದ ಎಂದ. ನಾನು ತುಟಿ ಬಿಚ್ಚಲಿಲ್ಲ.

ಅಕ್ಟೋಬರ್ 6, ಸೋಮವಾರ

ಬ್ಯಾಟರಿಯೇ ಕೆಟ್ಟದ್ದು ಎಂದು ಡೆಲ್ ಲೊರೇನಳ ತಂಗಿಗೆ ಹೇಳಿದ್ದಾನೆ. ಶೆರಿಲ್ ನನಗೂ ಫೋನು ಮಾಡಿದ್ದಳು. ಸಿಟ್ಟಿರಲಿಲ್ಲ, ದಣಿವಿತ್ತು. ಯಂತ್ರಗಳನ್ನು ನಂಬಿದ್ದು ನಮ್ಮದೇ ತಪ್ಪು, ಪಟ್ಟಣದಲ್ಲಿ ನಡೆಯುವುದು ಅಲ್ಲಿ ನಡೆಯುವುದಿಲ್ಲ, ಹೋಮಿನಲ್ಲಿ ಜಾಗ ನೋಡಿದ್ದೇನೆ ಎಂದಳು. ಮುಂದಿನ ಮಂಗಳವಾರ ಬರುತ್ತಾಳಂತೆ. ನಾನು ಹೂಂ ಹೂಂ ಎಂದು ಇಟ್ಟುಬಿಟ್ಟೆ.

ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಲೊರೇನಳ ಮನೆ ಹೋಗುತ್ತದೆ. ಇಷ್ಟೇ ಲೆಕ್ಕ, ಎಷ್ಟು ತಿರುಗಿಸಿ ನೋಡಿದರೂ ಇಷ್ಟೇ.

ನಮ್ಮವರಿಗೆ ಹೇಳಿದೆ. ಅವರು "ಬ್ಯಾಟರಿ ಕೆಟ್ಟಿತ್ತು ಅಂತ ಅವರಽ ಅಂದಾರ. ನೀ ಯಾಕ ಹುತ್ತಿಗೆ ಕೈ ಹಾಕ್ತಿ ದಾಕ್ಷಾ?" ಎಂದರು. ಅವರ ಆಫೀಸಿನಲ್ಲೂ ಜನರನ್ನು ತೆಗೆಯುತ್ತಿದ್ದಾರೆ, ಅದು ಅವರ ಹೆದರಿಕೆ. ನಾನು ರೇಗಿ, ಎಲ್ಲ ಆ ಪೂಜೆಯಿಂದಲೇ ಆದದ್ದು ಎಂದುಬಿಟ್ಟೆ. ಅತ್ತೆ ಅಡುಗೆಮನೆಯಲ್ಲಿದ್ದರು, ಕೇಳಿಸಿತು.

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದರು. "ದೇವರ ಮ್ಯಾಲ ಹಾಕಬ್ಯಾಡವ್ವಾ. ಒಂದಿನ ಆರಾಮ ಇರಲಿ ಅಂತ ನಾ ಅಂದೆ. ಮರುದಿನ ನೋಡಬ್ಯಾಡಂತ ಅಂದವರು ಯಾರು? ನಿಮ್ಮಪ್ಪ ಬೆಲ್ಟ್ ನೋಡಲಾರದ ಗಿರಣಿ ಚಾಲೂ ಮಾಡ್ತಿದ್ನೇನು?"

ಮಾಡುತ್ತಿರಲಿಲ್ಲ. ಬನ್ನಿಯ ದಿನ ಬೆಳಗಾದರೆ ಅಪ್ಪ ಹೂವಿನ ಸರ ಸರಿಸಿ, ಬೆಲ್ಟಿನ ಹೊಲಿಗೆಯನ್ನು ಬೆರಳಿನಿಂದ ಉದ್ದಕ್ಕೂ ಸವರಿ ನೋಡುತ್ತಿದ್ದ. ನನಗೆ ಪೂಜೆ ಮಾತ್ರ ನೆನಪಿತ್ತು.

ಅಕ್ಟೋಬರ್ 9, ಗುರುವಾರ

ಆಸ್ಟಿನ್ನಿಗೆ ಹೋಗಿ ಬಂದೆ. ಮೇಲಧಿಕಾರಿ ಮರಿಸೋಲ್ ಎದುರು ಕೂತು, ಸ್ವಿಚ್ಚು ಆರಿಸಿದವಳು ನಾನು, ಬ್ಯಾಟರಿ ಪರೀಕ್ಷಿಸದೆ ಒಯ್ದವಳು ನಾನು ಎಂದೆ. ಯಾಕೆ ಆರಿಸಿದೆ ಎಂದು ಕೇಳಿದಳು. ಹೇಳಿದೆ. ಅವಳ ಅಜ್ಜಿಯೂ ಹೊಲ ಉಳುವ ಟ್ರಾಕ್ಟರಿಗೆ ಪಾದ್ರಿಯಿಂದ ತೀರ್ಥ ಹಾಕಿಸುತ್ತಿದ್ದಳಂತೆ. ಅದರಿಂದ ಅವಳು ಕರಗಲಿಲ್ಲ, ಕರಗಬಾರದು ಕೂಡ. ಹೊಸ ಕೌಂಟಿಗಳನ್ನು ಸದ್ಯಕ್ಕೆ ನನಗೆ ಕೊಡುವುದಿಲ್ಲ, ವಿಚಾರಣೆಯಾಗುತ್ತದೆ, ಮಂಗಳವಾರ ನಾನೇ ಹೋಗಿ ಆ ಕುಟುಂಬಕ್ಕೆ ಹೇಳಬೇಕು. ಅವರು ಬೇಡ ಎಂದರೆ ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಬರುವಾಗ ಕಾರಿನಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದೆ. ಒಂದು ಸಲವೂ ಕೊನೆಯವರೆಗೆ ಹೇಳಲಾಗಲಿಲ್ಲ.

ಅಕ್ಟೋಬರ್ 13, ಸೋಮವಾರ

ನಾಳೆ. ಸಾಯುತ್ತಿದ್ದಳು ಅವಳು, ನನ್ನಿಂದ.

ಅಕ್ಟೋಬರ್ 14, ಮಂಗಳವಾರ

ಶೆರಿಲ್ ಆಗಲೇ ಬಂದಿದ್ದಳು. ಅಕ್ಕನದೇ ಕಣ್ಣು. ಮಂಚದ ಕಾಲ ಬಳಿ ಬಟ್ಟೆಯ ಪೆಟ್ಟಿಗೆ ತೆರೆದಿತ್ತು, ಒಳಗೆ ಲೊರೇನಳ ನೈಟಿಗಳು ಮಡಚಿದ್ದವು. ಡೆಲ್ ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದ. ಹೊಸ ಬ್ಯಾಟರಿಯನ್ನು ಜೋಡಿಸಿದೆ, ಗುಂಡಿ ಒತ್ತಿದೆ, ನಾಲ್ಕೂ ದೀಪ ಹತ್ತಿದವು. ಕೂರು ಎಂದರು. ಕೂರಲಿಲ್ಲ.

ನಿಂತೇ ಹೇಳಿದೆ. ಬ್ಯಾಟರಿ ಕೆಟ್ಟಿರಲಿಲ್ಲ. ಅದನ್ನು ತುಂಬಲು ಬಿಡದೆ ಸ್ವಿಚ್ಚು ಆರಿಸಿದ್ದು ನಾನು. ನಮ್ಮಲ್ಲಿ ವರ್ಷಕ್ಕೊಂದು ದಿನ ಕೆಲಸದ ಸಾಮಾನಿಗೆ ಬಿಡುವು ಕೊಟ್ಟು ಪೂಜಿಸುತ್ತೇವೆ. ಅದು ತಪ್ಪಲ್ಲ, ಮರುದಿನ ನೋಡದೆ ತಂದದ್ದು ತಪ್ಪು. ಯಂತ್ರವನ್ನು ನಂಬಬೇಡಿ ಎನ್ನಬೇಡಿ, ನನ್ನನ್ನು ನಂಬಬೇಡಿ. ಬೇರೆಯವರನ್ನು ಕಳಿಸುತ್ತಾರೆ, ಆದರೆ ಇವಳು ಇಲ್ಲೇ ಇರಲಿ.

ಡೆಲ್ ನನ್ನ ಕಡೆ ತಿರುಗಲೇ ಇಲ್ಲ. ಶೆರಿಲ್ ಮುಖ ಕೆಂಪಾಯಿತು. "ನಿನ್ನ ಒಂದು ಮರೆವಿಗೆ ನನ್ನ ಅಕ್ಕ ಹೋಗಿಬಿಡ್ತಿದ್ಲು," ಎಂದಳು. ಹೌದು ಎಂದೆ. ಇನ್ನೇನು ಹೇಳಲಿ.

ಅಷ್ಟರಲ್ಲಿ ಲೊರೇನ್ ಬರೆಯಲು ಶುರುಮಾಡಿದ್ದಳು. ಅವಳು ಬರೆಯುವಾಗ ಯಾರೂ ಮಾತಾಡಬಾರದು ಎಂಬುದು ಆ ಮನೆಯ ರೀತಿಯಾಗಿಬಿಟ್ಟಿದೆ. ಕಾದೆವು. ಯಂತ್ರ ಏರಿಳಿತವಿಲ್ಲದ ದನಿಯಲ್ಲಿ ಓದಿತು:

"ನಂಗೆ ಅವತ್ತೇ ಗೊತ್ತಿತ್ತು. ಗುಂಡಿ ಒತ್ತಲಿಲ್ಲ ಅವಳು. ಹೇಳೋಕೆ ಹೋದೆ, ನಿಲ್ಲಲಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವಳ ಕಣ್ಣು ಮತ್ತೆ ಅಕ್ಷರಗಳ ಮೇಲೆ ಓಡಾಡಿತು. ಈ ಸಲ ಬಹಳ ಹೊತ್ತು ಹಿಡಿಯಿತು.

"ಸ್ಕ್ರೀನ್ ಕಪ್ಪಾಯ್ತು. ನಂಗೆ ಪ್ರಾಣ ಹೋಗೋಷ್ಟು ಹೆದರಿಕೆ ಆಯ್ತು. ಆಮೇಲೆ ಯೋಚನೆ ಮಾಡ್ದೆ. ಇವಳು ಪುಕ್ಕಲಿ. ಮನೆಗೆ ಹೋಗಿ ಒಲೆ ನೋಡ್ತಾಳೆ. ಬಾಗಿಲು ನೋಡ್ತಾಳೆ. ಸಮಾಧಾನ ಆಗಲ್ಲ. ಮತ್ತೆ ಹುಡುಕ್ತಾಳೆ. ತಪ್ಪು ಸಿಗತ್ತೆ. ಬರ್ತಾಳೆ. ಅದನ್ನೇ ಹೇಳ್ಕೊಂಡು ಮಲಗಿದ್ದೆ. ಧೈರ್ಯವಂತೆ ಆಗಿದ್ದಿದ್ರೆ ನಾನು ಇವತ್ತು ಇರ್ತಿರಲಿಲ್ಲ."

ಶೆರಿಲ್ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡು ಕೂತಳು. ಇದನ್ನೆಲ್ಲ ನಂಬಿ ಅಕ್ಕನನ್ನು ಬಿಟ್ಟುಹೋಗಲೇ ಎಂದು ನನ್ನನ್ನಲ್ಲ, ಡೆಲ್‌ನನ್ನು ಕೇಳಿದಳು. ಅದು ಅವರ ಮನೆಯ ಮಾತು, ನಾನು ಇರಬಾರದು ಎಂದು ಚೀಲ ಎತ್ತಿಕೊಂಡು, ಬರುತ್ತೇನೆ ಎಂದು ಹೊರಟೆ.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಅತ್ತುಬಿಡೋಣ ಎಂದರೆ ಅಳು ಬರಲಿಲ್ಲ. ಗಾಡಿ ಗೇಟಿನವರೆಗೆ ಬಂದಿತ್ತು, ಬ್ಯಾಟರಿಯ ಹಿಂದಿನ ವೈರು ಮನಸ್ಸಿಗೆ ಬಂತು. ಪೆಟ್ಟಿಗೆ ಎಳೆಯುವಾಗ ಶೆರಿಲ್ ಕಾಲಿಗೆ ತಗುಲಿದ್ದರೆ? ಸಡಿಲವಾಗಿದ್ದರೆ? ಇಲ್ಲ, ನೋಡಿದ್ದೇನೆ. ನೋಡಿದ್ದೇನೆಯೇ? ನಾಚಿಕೆಯಿಂದ ಮುಖ ಸುಡುತ್ತಿತ್ತು, ಬೇಡವೆಂದು ಉಗಿದು ಕಳಿಸಿದರೂ ಚಿಂತೆಯಿಲ್ಲ ಎಂದು ಗಾಡಿ ತಿರುಗಿಸಿ ಮತ್ತೆ ಒಳಗೆ ಹೋದೆ.

ಮೂವರೂ ನಾನು ಬಿಟ್ಟಲ್ಲೇ ಇದ್ದರು, ಮೂವರೂ ಬಾಗಿಲನ್ನೇ ನೋಡುತ್ತಿದ್ದರು. ಕ್ಷಮಿಸಿ ಎಂದು ಗೊಣಗಿ, ಮಂಡಿಯೂರಿ, ವೈರು ಜಗ್ಗಿ ನೋಡಿ, ಗುಂಡಿ ಒತ್ತಿದೆ. ನಾಲ್ಕು ದೀಪ. ತಲೆಯ ಮೇಲೆ ಯಂತ್ರದ ದನಿ ಕೇಳಿತು, ಮೊದಲೇ ಬರೆದಿಟ್ಟುಕೊಂಡು ಕಾದಿದ್ದಳೆಂದು ಕಾಣುತ್ತದೆ.

"ಹೇಳಿರಲಿಲ್ವಾ ಶೆರಿಲ್, ಇವಳು ಗೇಟ್ ದಾಟಲ್ಲ ಅಂತ."

ಶೆರಿಲ್ ನಗಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ನೈಟಿಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟಳು.